ಓದುಗರ ಪ್ರಶ್ನೆ: ಏಜೆಂಟ್ ಕೈಗೆ ಕೊಡುವ ಫೈಲ್ ಓದುವ ಟೂಲ್

ಪ್ರಶ್ನೆ: ನಮ್ಮ ಕೋಡಿಂಗ್ ಏಜೆಂಟ್‌ಗೆ (ತಾನೇ ಕೋಡ್ ಓದಿ ಬರೆಯುವ ಎಐ) ಫೈಲ್ ಓದುವ ಟೂಲ್ ಬರೆದಿದ್ದೇನೆ. ವಿವರಣೆಯಲ್ಲಿ ‘ಫೈಲ್ ಓದುತ್ತದೆ’ ಎಂದಷ್ಟೇ ಇದೆ. ದೊಡ್ಡ ಫೈಲ್ ಕೊಟ್ಟರೆ ಅರ್ಧ ಓದಿ, ‘ಈ ಫಂಕ್ಷನ್ ಇಲ್ಲವೇ ಇಲ್ಲ’ ಎಂದುಬಿಡುತ್ತದೆ. ವಿವರಣೆಯಲ್ಲಿ ಏನೇನು ಇರಬೇಕು?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಟೂಲ್ ಒಳಗಿನ ಕೋಡ್, ಏಜೆಂಟ್‌ನ ಹಿಂದಿರುವ ಭಾಷಾ ಮಾಡೆಲ್‌ಗೆ ಕಾಣುವುದಿಲ್ಲ. ಅದಕ್ಕೆ ಸಿಗುವುದು ಟೂಲಿನ ಹೆಸರು, ವಿವರಣೆ ಮತ್ತು ಪ್ಯಾರಾಮೀಟರ್‌ಗಳ ಜೇಸನ್ ಸ್ಕೀಮಾ (ಯಾವ ಪ್ಯಾರಾಮೀಟರ್, ಯಾವ ಬಗೆಯದು ಎಂಬ ವಿವರ). 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಹೊರತಂದ, ಮಾಡೆಲ್‌ಗೂ ಟೂಲ್‌ಗಳಿಗೂ ಸಂಪರ್ಕ ಕಲ್ಪಿಸುವ ಎಂಸಿಪಿ ಪ್ರೋಟೊಕಾಲ್‌ನಲ್ಲೂ ಟೂಲ್ ಪಟ್ಟಿ ಕೇಳಿದಾಗ ಸರ್ವರ್ ಕಳಿಸುವುದು ಮುಖ್ಯವಾಗಿ ಇವನ್ನೇ. ನೀವು ಬರೆಯದೆ ಬಿಟ್ಟದ್ದನ್ನು ಮಾಡೆಲ್ ಊಹಿಸಿಕೊಳ್ಳುತ್ತದೆ. ಟೂಲ್ 2000 ಸಾಲಿಗೆ ನಿಲ್ಲುತ್ತದೆ ಎಂದು ಹೇಳದಿದ್ದರೆ, 2001ನೇ ಸಾಲಿನಲ್ಲಿರುವ ಫಂಕ್ಷನ್ ಅದರ ಪಾಲಿಗೆ ಇಲ್ಲ.

ಹೀಗೆ ಬರೆದು ನೋಡಿ: ‘ಒಂದು ಟೆಕ್ಸ್ಟ್ ಫೈಲ್ ಓದಿ, ಪ್ರತಿ ಸಾಲಿನ ಮುಂದೆ ಸಾಲಿನ ಸಂಖ್ಯೆ ಹಾಕಿ ಕೊಡುತ್ತದೆ. ಪಾಥ್ ರೂಟ್‌ನಿಂದ ಶುರುವಾಗುವ ಪೂರ್ಣ ಪಾಥ್ ಆಗಿರಬೇಕು. ಆಫ್‌ಸೆಟ್ ಎಂದರೆ ಓದಲು ಶುರುಮಾಡುವ ಸಾಲು, ಎಣಿಕೆ 1ರಿಂದ. ಲಿಮಿಟ್ ಕೊಡದಿದ್ದರೆ 2000 ಸಾಲು ಬರುತ್ತದೆ. 2000 ಅಕ್ಷರ (ಯೂನಿಕೋಡ್ ಸಂಕೇತ) ಮೀರಿದ ಸಾಲಿನ ಬಾಲ ಕತ್ತರಿಸಲಾಗುತ್ತದೆ. ಫೋಲ್ಡರ್‌ನೊಳಗೆ ಏನಿದೆ ಎಂದು ನೋಡಲು ಇದನ್ನು ಬಳಸಬೇಡಿ, ಪಟ್ಟಿ ಕೊಡುವ ಟೂಲ್ ಬಳಸಿ.’ ಸಂಖ್ಯೆಗಳು ನಿಮ್ಮ ಟೂಲಿನವೇ ಆಗಿರಲಿ. ಕೋಡಿನಲ್ಲಿ ಮಿತಿ ಬದಲಾಯಿಸಿ ವಿವರಣೆಯಲ್ಲಿ ಹಳೆಯದನ್ನೇ ಉಳಿಸಿದರೆ, ವಿವರಣೆ ಇಲ್ಲದಿರುವುದಕ್ಕಿಂತ ಅದು ಕೆಟ್ಟದ್ದು.

ಪೂರ್ಣ ಪಾಥ್ ಏಕೆಂದರೆ, ಏಜೆಂಟ್ ಶೆಲ್‌ನಲ್ಲಿ (ಕಮಾಂಡ್ ಓಡಿಸುವ ಜಾಗ) ಬೇರೆ ಫೋಲ್ಡರ್‌ಗೆ ಹೋಗಿರಬಹುದು. ಟೂಲ್ ನಡೆಯುತ್ತಿರುವ ಪ್ರೋಸೆಸ್ ಮಾತ್ರ ಮೊದಲಿದ್ದಲ್ಲೇ ಇರುತ್ತದೆ. ಒಂದೇ ಪ್ರಾಜೆಕ್ಟಿನಲ್ಲಿ ಒಂದೇ ಹೆಸರಿನ ನಾಲ್ಕಾರು ಕಾನ್ಫಿಗ್ ಫೈಲ್‌ಗಳಿರುವುದು ಮಾಮೂಲು. ಫೈಲ್ ಸಿಗದಿದ್ದರೆ ದೋಷವಾದರೂ ಕಾಣುತ್ತದೆ; ತಪ್ಪು ಫೈಲ್ ಸಿಕ್ಕರೆ ಅದೂ ಇಲ್ಲ.

ನಿಮ್ಮ ನಿಜವಾದ ತೊಂದರೆಗೆ ಮದ್ದು ಇರುವುದು ಟೂಲ್ ಕೊಡುವ ಉತ್ತರದ ಕೊನೆಯಲ್ಲಿ. ಪಠ್ಯ ಮುಗಿದ ಮೇಲೆ ಟೂಲ್ ಒಂದು ಸಾಲು ಸೇರಿಸಲಿ: ‘ಒಟ್ಟು 5340 ಸಾಲುಗಳಲ್ಲಿ 1ರಿಂದ 2000ದವರೆಗೆ ಕೊಟ್ಟಿದೆ. ಮುಂದಿನದಕ್ಕೆ ಆಫ್‌ಸೆಟ್ 2001 ಕೊಡಿ.’ ವಿವರಣೆ ಸಂಭಾಷಣೆಯ ಆರಂಭದಲ್ಲೆಲ್ಲೋ ಇರುತ್ತದೆ. ಮುಂದೆ ಓದಬೇಕೋ ಬೇಡವೋ ಎಂಬ ತೀರ್ಮಾನ ಆಗುವುದು ಇಲ್ಲಿ. ಖಾಲಿ ಫೈಲ್‌ಗೂ ಇದೇ ಮಾತು. ಏನನ್ನೂ ಕೊಡದೆ ಸುಮ್ಮನಾದರೆ ಟೂಲ್ ಕೆಟ್ಟಿದೆ ಎಂದು ತಿಳಿದು ಏಜೆಂಟ್ ಮತ್ತೆ ಮತ್ತೆ ಕರೆಯುತ್ತದೆ. ‘ಫೈಲ್ ಇದೆ, ಖಾಲಿಯಾಗಿದೆ’ ಎಂದು ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಓದುವುದೇನೋ ಸರಿಯಾಗಿದೆ. ಓದಿದ್ದನ್ನೇ ತಿದ್ದಲು ಹೋದರೆ ‘ಹುಡುಕಿದ ಪಠ್ಯ ಫೈಲಿನಲ್ಲಿಲ್ಲ’ ಎಂದು ಎಡಿಟ್ ಟೂಲ್ ನಿರಾಕರಿಸುತ್ತದೆ. ಯಾವುದರ ತಪ್ಪು?
— ಓದುಗರು, ಹುಬ್ಬಳ್ಳಿ

ಉತ್ತರ: ಸಾಮಾನ್ಯವಾಗಿ ಓದುವ ಟೂಲಿನದೇ. ಮೊದಲ ಗುಮಾನಿ ಸಾಲಿನ ಸಂಖ್ಯೆಯ ಮೇಲೆ: ಏಜೆಂಟ್ ಅದನ್ನೂ ಪಠ್ಯದ ಭಾಗವೆಂದುಕೊಂಡು ನಕಲು ಮಾಡಿರುತ್ತದೆ. ‘ಸಂಖ್ಯೆ, ನಂತರ ಒಂದು ಟ್ಯಾಬ್, ಟ್ಯಾಬ್ ಆದಮೇಲಿನದಷ್ಟೇ ಫೈಲಿನ ಪಠ್ಯ’ ಎಂದು ಎರಡೂ ಟೂಲ್‌ಗಳ ವಿವರಣೆಯಲ್ಲಿ ಬರೆಯಿರಿ. ಎರಡನೆಯದು, ನೋಡಲು ಚೆಂದವಿರಲೆಂದು ಟ್ಯಾಬ್‌ಗಳನ್ನು ಸ್ಪೇಸ್ ಮಾಡಿ ಕೊಡುವುದು. ಹಾಗೆ ಮಾಡಲೇಬೇಡಿ, ಬಿಲ್ಡ್ ಸೂಚನೆಗಳಿರುವ ಮೇಕ್‌ಫೈಲ್‌ನಲ್ಲಂತೂ ಟ್ಯಾಬ್ ಹೋದರೆ ಬಿಲ್ಡ್ ನಿಂತೇಹೋಗುತ್ತದೆ. ಮೂರನೆಯದು ವಿಂಡೋಸ್ ಫೈಲ್‌ಗಳ ಸಾಲಿನ ಕೊನೆ: ಅಲ್ಲಿ ಎರಡು ಬೈಟ್, ಲಿನಕ್ಸ್‌ನಲ್ಲಿ ಒಂದು. ಓದುವಾಗ ಆ ಹೆಚ್ಚುವರಿ ಬೈಟ್ ತೆಗೆಯುವುದಾದರೆ, ತಿದ್ದುವ ಟೂಲ್ ಹೋಲಿಸುವಾಗಲೂ ತೆಗೆಯಬೇಕು, ಬರೆಯುವಾಗ ಮತ್ತೆ ಸೇರಿಸಬೇಕು.

ಇದ್ಯಾವುದೂ ಅಲ್ಲದಿದ್ದರೆ, ಓದಿದ ಮೇಲೆ ಕೋಡನ್ನು ಒಪ್ಪವಾಗಿಸುವ ಫಾರ್ಮ್ಯಾಟರ್ ಓಡಿ ಫೈಲೇ ಬದಲಾಗಿರುತ್ತದೆ. ಓದಿದಾಗಿನ ಮಾರ್ಪಾಟು ಸಮಯವನ್ನು ಗುರುತಿಟ್ಟುಕೊಂಡು, ಅದು ಬದಲಾಗಿದ್ದರೆ ‘ಮತ್ತೆ ಓದಿ’ ಎಂಬ ದೋಷ ಕೊಡಿ.

ಪ್ರಶ್ನೆ: ಕನ್ನಡ ಅನುವಾದದ ಫೈಲ್‌ಗಳನ್ನು ಓದಿಸಿದರೆ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಚೌಕ ಬರುತ್ತದೆ. ಇಂಗ್ಲಿಷ್ ಫೈಲ್‌ಗೆ ಹಾಗಾಗುವುದಿಲ್ಲ.
— ಓದುಗರು, ಮೈಸೂರು

ಉತ್ತರ: ನಿಮ್ಮ ಟೂಲ್ ಬೈಟ್ ಲೆಕ್ಕದಲ್ಲಿ ಕತ್ತರಿಸುತ್ತಿದೆ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಕ್ರಮ) ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ 3. ‘ಕನ್ನಡ’ ಎಂಬ ಪದ ಕಣ್ಣಿಗೆ 3 ಅಕ್ಷರ. ಒಳಗೆ 5 ಸಂಕೇತ (ಕ, ನ, ವಿರಾಮ ಚಿಹ್ನೆ ‘್’, ನ, ಡ), 15 ಬೈಟ್. ಉದ್ದ ಕೇಳಿದರೆ ಪೈಥಾನ್ ಭಾಷೆ 5 ಎನ್ನುತ್ತದೆ, ಗೋ ಭಾಷೆ 15 ಎನ್ನುತ್ತದೆ. 65,536 ಬೈಟ್‌ಗೆ ಮಿತಿ ಇಟ್ಟರೆ, ಬರೀ ಕನ್ನಡ ತುಂಬಿದ ಪಠ್ಯದಲ್ಲಿ 21,845 ಸಂಕೇತಗಳಾಗಿ ಒಂದು ಬೈಟ್ ಅನಾಥವಾಗಿ ಉಳಿಯುತ್ತದೆ. ಆ ಚೌಕ ಅದೇ.

ಪರಿಹಾರ ಸುಲಭ. ಕತ್ತರಿಸುವ ಜಾಗದ ಮುಂದಿನ ಬೈಟಿನ ಮೊದಲ ಎರಡು ಬಿಟ್ 10 ಆಗಿದ್ದರೆ ಅದು ಸಂಕೇತದ ನಡುಭಾಗ. ಹಾಗಿಲ್ಲದ ಬೈಟ್ ಸಿಗುವವರೆಗೆ ಹಿಂದೆ ಸರಿದು ಅದರ ಮುಂಚೆ ಕತ್ತರಿಸಿ. ವಿವರಣೆಯಲ್ಲೂ ಬರೀ ‘2000 ಅಕ್ಷರ’ ಎನ್ನದೆ ಬೈಟೋ ಯೂನಿಕೋಡ್ ಸಂಕೇತವೋ ಎಂದು ಸ್ಪಷ್ಟಪಡಿಸಿ.

ಹಳೆಯ ನುಡಿ, ಬರಹ ಫಾಂಟ್‌ಗಳ ಯೂನಿಕೋಡ್ ಅಲ್ಲದ ಕಡತಗಳು ಬೇರೆಯೇ ತಲೆನೋವು. ಅವುಗಳೊಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಸಂಕೇತ, ಕನ್ನಡ ಕಾಣುವುದು ಫಾಂಟಿನಿಂದ. ಎನ್‌ಕೋಡಿಂಗ್ ಪರೀಕ್ಷೆಯನ್ನು ಅವು ಸಲೀಸಾಗಿ ದಾಟಿಬಿಡಬಹುದು, ಏಜೆಂಟ್ ಆ ಕಲಸುಮೇಲೋಗರಕ್ಕೆ ಏನೋ ಅರ್ಥ ಕಟ್ಟಿಯೂ ಬಿಡಬಹುದು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ವಿವರಣೆಯಿಂದ ಇದು ಬಗೆಹರಿಯುವುದಿಲ್ಲ.

ಪ್ರಶ್ನೆ: ‘ಪಾಸ್‌ವರ್ಡ್ ಇರುವ ಫೈಲ್ ಓದಬಾರದು’ ಎಂದು ವಿವರಣೆಯಲ್ಲಿ ಬರೆದರೆ ಸಾಕಲ್ಲವೇ?
— ಓದುಗರು, ಮಂಗಳೂರು

ಉತ್ತರ: ಸಾಲದು. ಅದು ವಿನಂತಿ, ಬೀಗವಲ್ಲ. ಬೀಗ ಕೋಡಿನಲ್ಲಿರಬೇಕು: ಸಿಂಬಾಲಿಕ್ ಲಿಂಕ್‌ಗಳನ್ನೂ (ಬೇರೆ ಫೈಲಿನತ್ತ ಕಳಿಸುವ ಕೊಂಡಿ) ಎರಡು ಚುಕ್ಕಿಗಳನ್ನೂ (ಮೇಲಿನ ಫೋಲ್ಡರ್ ಎಂಬ ಗುರುತು) ಬಿಡಿಸಿ ನಿಜವಾದ ಪಾಥ್ ಕಂಡುಹಿಡಿದು, ಆಮೇಲೆ ಅದು ಅನುಮತಿಸಿದ ಫೋಲ್ಡರ್‌ನ ಒಳಗಿದೆಯೇ ಎಂದು ನೋಡಿ. ಪಾಥ್‌ನ ಆರಂಭವನ್ನಷ್ಟೇ ಹೋಲಿಸಿದರೆ ‘/ಕೆಲಸ/ಆ್ಯಪ್’ಗೆ ಕೊಟ್ಟ ಅನುಮತಿಯಲ್ಲಿ ‘/ಕೆಲಸ/ಆ್ಯಪ್-ಹಳೆಯದು’ ಕೂಡ ನುಸುಳುತ್ತದೆ. ಕೊನೆಗೆ ಸ್ಲ್ಯಾಶ್ ಸೇರಿಸಿ ಹೋಲಿಸಿ. ಸಾಮಾನ್ಯ ಫೈಲ್ ಹೌದೋ ಅಲ್ಲವೋ ಎಂದೂ ಪರೀಕ್ಷಿಸಿ. ಲಿನಕ್ಸ್‌ನ ‘/ಡೆವ್/ಜೀರೋ’ ಎಷ್ಟು ಓದಿದರೂ ಮುಗಿಯುವುದಿಲ್ಲ, ಟೂಲ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ನಿರಾಕರಿಸಿದಾಗ ಬರೀ ‘ದೋಷ’ ಎನ್ನಬೇಡಿ. ‘ಈ ಪಾಥ್‌ಗೆ ಅನುಮತಿಯಿಲ್ಲ, ಬೇರೆ ದಾರಿ ಹುಡುಕದೆ ಬಳಕೆದಾರರನ್ನು ಕೇಳಿ’ ಎನ್ನಿ. ಕಾರಣ ತಿಳಿಯದ ಏಜೆಂಟ್ ಶೆಲ್‌ಗೆ ಹೋಗಿ ಅದೇ ಫೈಲನ್ನು ಕ್ಯಾಟ್ ಕಮಾಂಡ್‌ನಿಂದ ಓದಲು ನೋಡುತ್ತದೆ. ಶೆಲ್ ಕೊಟ್ಟಿದ್ದರೆ ಅಲ್ಲಿಗೂ ಇದೇ ನಿರ್ಬಂಧ ಬೇಕು.