ತೀರ್ಪು ಬಂದ ಮೇಲಿನ ಕಥೆಯನ್ನು ಬರೆಯಿರಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. 'ಕತ್ತಲಿನಿಂದ ಬೆಳಕಿಗೆ' ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದ್ದೇನೆ. ಅಮೆರಿಕದಲ್ಲಿ ಕಪ್ಪು ಮಕ್ಕಳನ್ನು ಬೇರೆ ಶಾಲೆಗೆ ಅಟ್ಟುತ್ತಿದ್ದ ಪದ್ಧತಿಯ ವಿರುದ್ಧ 1950 ಮತ್ತು 60ರ ದಶಕಗಳಲ್ಲಿ ನಡೆದ ಹೋರಾಟವನ್ನು ಕನ್ನಡದ ಓದುಗರಿಗೆ ತಿಳಿಸಬೇಕೆಂದು ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ಬಿಡುವು ಮಾಡಿಕೊಂಡು ಬರೆದಿದ್ದಾರೆ ಎಂಬುದೇ ನನಗೆ ಸಂತೋಷ ಕೊಟ್ಟಿತು. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ತಿದ್ದಿ ಬರೆದರೆ ಇದು ಒಳ್ಳೆಯ ಲೇಖನವಾದೀತು ಎಂಬ ಭರವಸೆ ಇರುವುದರಿಂದಲೇ ಇಷ್ಟು ದೀರ್ಘವಾದ ಪತ್ರ.

ನಿಮ್ಮ ಮೊದಲ ವಾಕ್ಯ ಹೀಗಿದೆ: '1954ರ ಮೇ 17ರಂದು ಅಮೆರಿಕದ ಕಪ್ಪು ಮಕ್ಕಳ ಬಾಳಿನಲ್ಲಿ ಸೂರ್ಯೋದಯವಾಯಿತು.' ಅಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಓದಿದ ಬ್ರೌನ್ ಪ್ರಕರಣದ ತೀರ್ಪಿಗೆ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳ ಒಪ್ಪಿಗೆ ಇತ್ತು. 1896ರಿಂದ ನಡೆದುಬಂದಿದ್ದ 'ಪ್ರತ್ಯೇಕ, ಆದರೆ ಸಮಾನ' ಎಂಬ ವಾದ ಶಾಲೆಗಳ ಮಟ್ಟಿಗೆ ಅಂದು ಬಿದ್ದುಹೋಯಿತು. ಇದೆಲ್ಲ ಸರಿಯಾಗಿಯೇ ಬಂದಿದೆ. ಆದರೆ ಹತ್ತು ವರ್ಷ ಕಳೆದ ಮೇಲೂ, ದಕ್ಷಿಣದ ಹನ್ನೊಂದು ರಾಜ್ಯಗಳಲ್ಲಿ ಬಿಳಿಯ ಮಕ್ಕಳ ಜೊತೆ ಓದುತ್ತಿದ್ದ ಕಪ್ಪು ಮಕ್ಕಳು ನೂರಕ್ಕೆ ಸುಮಾರು ಒಬ್ಬರು ಮಾತ್ರ. ಉಳಿದ ತೊಂಬತ್ತೊಂಬತ್ತು ಮಕ್ಕಳು ಆ ಹತ್ತು ವರ್ಷ ಎಲ್ಲಿದ್ದರು? ನಿಮ್ಮ ಹನ್ನೆರಡು ಪುಟಗಳಲ್ಲಿ ಒಂಬತ್ತು ಪುಟ ತೀರ್ಪಿನವರೆಗಿನ ಕಥೆಗೇ ಸಂದಿವೆ. ಹೋರಾಟದ ಕಡುಕಷ್ಟದ ಭಾಗವೆಲ್ಲ ಅದರ ನಂತರದ್ದು.

ಹೀಗಾಗಲು ಒಂದು ಅನುವಾದದ ತಪ್ಪೂ ಕಾರಣವಿರಬಹುದು. ತೀರ್ಪನ್ನು ಜಾರಿಗೆ ತರುವುದು ಹೇಗೆಂದು 1955ರ ಮೇ 31ರಂದು ಅದೇ ಕೋರ್ಟು ಇನ್ನೊಂದು ಆದೇಶ ಕೊಟ್ಟಿತು. ಅದರಲ್ಲಿನ 'ಆಲ್ ಡೆಲಿಬರೇಟ್ ಸ್ಪೀಡ್' ಎಂಬ ಮಾತನ್ನು ನೀವು 'ಅತಿ ಶೀಘ್ರವಾಗಿ' ಎಂದು ಕನ್ನಡಿಸಿದ್ದೀರಿ. ಮೂಲದಲ್ಲಿ ವೇಗದ ಪಕ್ಕದಲ್ಲೇ ನಿಧಾನವೂ ಕುಳಿತಿದೆ. 'ಸಾವಧಾನವಾಗಿ ಆಲೋಚಿಸಿ, ಆದಷ್ಟು ಬೇಗ' ಎಂದರೆ ಮೂಲಕ್ಕೆ ಹತ್ತಿರವಾದೀತು. ಕೊನೆಯ ದಿನಾಂಕವೊಂದನ್ನು ಕೋರ್ಟು ಗೊತ್ತುಮಾಡಲಿಲ್ಲ. ಗವರ್ನರುಗಳು, ಶಾಲಾ ಮಂಡಳಿಗಳು, ಶಾಸನಸಭೆಗಳು ಎಲ್ಲರೂ 'ಸಾವಧಾನ'ವನ್ನು ಹಿಡಿದುಕೊಂಡು 'ಬೇಗ'ವನ್ನು ಕೈಬಿಟ್ಟರು. ನಿಮ್ಮ ಒಂದು ಪದದ ಆಯ್ಕೆಯಿಂದ ಹತ್ತು ವರ್ಷಗಳ ವಿಳಂಬ ಓದುಗನಿಗೆ ಕಾಣದೆ ಹೋಗುತ್ತದೆ.

ಇಡೀ ಪ್ರಕರಣವನ್ನು ಕಾನ್ಸಾಸ್ ರಾಜ್ಯದ ಟೊಪೀಕಾದ ಪುಟ್ಟ ಲಿಂಡಾ ಬ್ರೌನ್ ಮತ್ತು ಅವಳ ತಂದೆಯ ಕಥೆಯಾಗಿಸಿದ್ದೀರಿ. ಅದು ಐದು ಕಡೆಯ ಮೊಕದ್ದಮೆಗಳನ್ನು ಒಟ್ಟಿಗೆ ಸೇರಿಸಿದ ಪ್ರಕರಣ. ಟೊಪೀಕಾ ಒಂದರಲ್ಲೇ ಹದಿಮೂರು ಪೋಷಕರಿದ್ದರು. ಸೌತ್ ಕೆರೊಲಿನಾದ ಕ್ಲಾರೆಂಡನ್ ಕೌಂಟಿಯಲ್ಲಂತೂ ಮೊದಲು ಕೇಳಿದ್ದು ಒಂದು ಬಸ್ಸನ್ನು. ಬಿಳಿಯ ಮಕ್ಕಳಿಗೆ ಮೂವತ್ತು ಬಸ್ಸುಗಳಿದ್ದವು. ಮೈಲಿಗಟ್ಟಲೆ ನಡೆದು ಬರುತ್ತಿದ್ದ ಕಪ್ಪು ಮಕ್ಕಳಿಗೆ ಒಂದೂ ಇರಲಿಲ್ಲ. ಮುಂದೆ ಮೊಕದ್ದಮೆಗೆ ಹೆಸರು ಕೊಟ್ಟ ಹ್ಯಾರಿ ಬ್ರಿಗ್ಸ್ ಪೆಟ್ರೋಲ್ ಬಂಕಿನ ಕೆಲಸ ಕಳೆದುಕೊಂಡರು. ಮೋಟೆಲ್ ಒಂದರಲ್ಲಿ ಕೋಣೆಗಳನ್ನು ಶುಚಿಗೊಳಿಸುತ್ತಿದ್ದ ಅವರ ಹೆಂಡತಿ ಎಲೈಜಾ ಅವರ ಕೆಲಸವೂ ಹೋಯಿತು. 'ಮಹಾನ್ ವಕೀಲ ಥರ್ಗುಡ್ ಮಾರ್ಷಲ್' ಎಂದು ನೀವು ಆರು ಸಲ ಬರೆದಿದ್ದೀರಿ. ಮಾರ್ಷಲ್ ಮಹಾನ್ ವಕೀಲರೇ, ಸಂಶಯವಿಲ್ಲ. ಆದರೆ ಆ ವಕೀಲರ ಕೈಗೆ ಕಾಗದ ಕೊಟ್ಟು ಅನ್ನ ಕಳೆದುಕೊಂಡವರಿಗೆ ನಿಮ್ಮಲ್ಲಿ ಅರ್ಧ ಪುಟವಾದರೂ ಸಿಗಬೇಕಿತ್ತು.

ಇನ್ನು ಎಲಿಜಬೆತ್ ಎಕ್‌ಫರ್ಡ್. 'ಸಿಂಹಿಣಿಯಂತೆ ಎದೆಯುಬ್ಬಿಸಿ ನಡೆದ ವೀರಬಾಲೆ' ಎಂದಿದ್ದೀರಿ. ದಯವಿಟ್ಟು ಇದನ್ನು ತೆಗೆಯಿರಿ. ಆ ಹುಡುಗಿಗೆ ಹದಿನೈದು ವರ್ಷ. 1957ರ ಸೆಪ್ಟೆಂಬರ್ 4ರಂದು ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲಿಗೆ ಅವಳು ಒಬ್ಬಳೇ ಹೋದದ್ದು ಧೈರ್ಯ ಪ್ರದರ್ಶನಕ್ಕಲ್ಲ. ಎಲ್ಲರೂ ಒಂದು ಕಡೆ ಸೇರಿ ಹೋಗೋಣ ಎಂದು ಅಲ್ಲಿನ ಹೋರಾಟದ ನಾಯಕಿ ಡೇಸಿ ಬೇಟ್ಸ್ ಹಿಂದಿನ ರಾತ್ರಿ ಅದೇ ಶಾಲೆಗೆ ಸೇರಬೇಕಿದ್ದ ಉಳಿದ ಕಪ್ಪು ಮಕ್ಕಳ ಮನೆಗಳಿಗೆ ಸುದ್ದಿ ಮುಟ್ಟಿಸಿದ್ದರು. ಎಲಿಜಬೆತ್ ಮನೆಯಲ್ಲಿ ಟೆಲಿಫೋನ್ ಇರಲಿಲ್ಲ. ಆಕೆ ಶಾಲೆಯ ಮೊದಲ ದಿನಕ್ಕೆಂದು ಮನೆಯಲ್ಲೇ ಹೊಲಿದ ಬಿಳಿಯ ಉಡುಪು ತೊಟ್ಟು, ಕಪ್ಪು ಕನ್ನಡಕ ಹಾಕಿಕೊಂಡು, ಪುಸ್ತಕವನ್ನು ಎದೆಗೆ ಅವಚಿಕೊಂಡು ಬಸ್ಸಿನಿಂದ ಇಳಿದಳು. ಗವರ್ನರ್ ಕಳುಹಿಸಿದ್ದ ಸೈನಿಕರು ತನ್ನ ಕಾವಲಿಗೆ ಬಂದಿದ್ದಾರೆ ಅಂದುಕೊಂಡಳು. ಬಿಳಿಯ ಮಕ್ಕಳನ್ನು ಒಳಗೆ ಬಿಟ್ಟ ಸೈನಿಕರು ಅವಳು ಬಂದಾಗ ಬಂದೂಕು ಅಡ್ಡ ಹಿಡಿದರು. ಹಿಂದಿರುಗಿ ನೋಡಿದರೆ ಕೂಗಾಡುವ ಗುಂಪು. ಅದರೊಳಗೆ ಕರುಣೆಯುಳ್ಳ ಮುಖವೊಂದಕ್ಕಾಗಿ ಹುಡುಕಿದಳು. ವಯಸ್ಸಾದ ಒಬ್ಬ ಹೆಂಗಸಿನ ಮುಖ ಹಾಗೆ ಕಂಡಿತು. ಮತ್ತೊಮ್ಮೆ ಅತ್ತ ನೋಡಿದಾಗ ಆ ಹೆಂಗಸು ಉಗುಳಿದಳು. ಇದು ಎಲಿಜಬೆತ್ ಮುಂದೆ ತಾನೇ ಹೇಳಿದ ಮಾತು. ಅಲ್ಲಿಂದ ಬಸ್ ನಿಲ್ದಾಣದ ಬೆಂಚಿನವರೆಗೆ ಅವಳು ನಡೆದದ್ದು ಮೊಣಕಾಲು ನಡುಗುತ್ತಲೇ.

ಇಷ್ಟನ್ನು ಬರೆದರೆ ಸಾಕು. ಸಿಂಹಿಣಿ ಬೇಡ. ನಿಮ್ಮ ತರಗತಿಯಲ್ಲಿ ಕೂರುವ ಹತ್ತನೆಯ ತರಗತಿಯ ಹುಡುಗಿಯ ವಯಸ್ಸು ಅವಳದು. ಭಯಪಡುವ ಹಕ್ಕನ್ನು ಆ ಮಗುವಿನಿಂದ ನಾವು ಕಸಿದುಕೊಳ್ಳಬಾರದು. ಅವಳ ಬೆನ್ನ ಹಿಂದೆ ಬಾಯಿ ತೆರೆದು ಕಿರುಚುತ್ತಿರುವ ಬಿಳಿಯ ಹುಡುಗಿಯೊಬ್ಬಳು ಪ್ರಸಿದ್ಧ ಫೋಟೋದಲ್ಲಿ ಇದ್ದಾಳಲ್ಲ, ಅವಳಿಗೂ ಹದಿನೈದೇ. ಆ ವಯಸ್ಸಿಗೆ ಅಷ್ಟು ದ್ವೇಷವನ್ನು ಯಾರು ಕಲಿಸಿದರು ಎಂದು ಒಬ್ಬ ಶಿಕ್ಷಕಿ ಕೇಳದೆ ಮತ್ತಾರು ಕೇಳಬೇಕು?

ಲಿಟಲ್ ರಾಕ್ ಭಾಗದಲ್ಲಿ ಸಂಗತಿಯ ತಪ್ಪುಗಳೂ ಇವೆ. ಆ ಶಾಲೆಗೆ ಸೇರಬೇಕಿದ್ದ ಒಂಬತ್ತು ಕಪ್ಪು ಮಕ್ಕಳು ಸೆಪ್ಟೆಂಬರ್ 4ರಂದು ಒಳಗೆ ಕಾಲಿಡಲಿಲ್ಲ. 23ರಂದು ಪಕ್ಕದ ಬಾಗಿಲಿನಿಂದ ಒಳಗೆ ಹೋದರು. ಹೊರಗೆ ಗುಂಪು ಕೆರಳಿದ್ದರಿಂದ ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಅವರನ್ನು ಹೊರಗೆ ಸಾಗಿಸಬೇಕಾಯಿತು. ಅಧ್ಯಕ್ಷ ಐಸೆನ್‌ಹೋವರ್ 24ರಂದು ಸೇನೆಯನ್ನು ಕಳುಹಿಸಿದ ಮೇಲೆ, 25ರಂದು ಸೈನಿಕರ ನಡುವೆ ಮಕ್ಕಳು ಮುಂಬಾಗಿಲಿನಿಂದ ನಡೆದರು. 'ಒಂಬತ್ತೂ ಮಕ್ಕಳು ವರ್ಷ ಪೂರೈಸಿದರು' ಎಂಬುದೂ ಸರಿಯಲ್ಲ. ತಿಂಗಳುಗಟ್ಟಲೆ ಕಿರುಕುಳ ತಿಂದ ಮಿನಿಜೀನ್ ಬ್ರೌನ್ ಕೆಫೆಟೇರಿಯಾದಲ್ಲಿ ಒಮ್ಮೆ ತಟ್ಟೆಯನ್ನು ಹುಡುಗರ ಮೇಲೆ ಬೀಳಿಸಿದಳು. ಅಲ್ಲಿಂದ ಶುರುವಾದ ಶಿಸ್ತುಕ್ರಮ 1958ರ ಫೆಬ್ರುವರಿಯಲ್ಲಿ ಅವಳನ್ನು ಶಾಲೆಯಿಂದ ಹೊರಹಾಕುವಲ್ಲಿಗೆ ಮುಟ್ಟಿತು. ಉಳಿದವರು ಎಂಟು. ಅದಕ್ಕಿಂತ ದೊಡ್ಡದು, ನೀವು ಎಲ್ಲಿಯೂ ಹೇಳದಿರುವುದು: ಮರುವರ್ಷ ಗವರ್ನರ್ ಆರ್ವಲ್ ಫಾಬಸ್ ನಗರದ ಹೈಸ್ಕೂಲುಗಳನ್ನೆಲ್ಲ ಮುಚ್ಚಿಸಿದರು. 1958–59ರಲ್ಲಿ ಲಿಟಲ್ ರಾಕ್‌ನ ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಸರ್ಕಾರಿ ಹೈಸ್ಕೂಲೇ ಇರಲಿಲ್ಲ. ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಗೇ ಬೀಗ ಹಾಕುವುದು ಮೇಲು ಎಂದು ಒಂದು ಸರ್ಕಾರ ತೀರ್ಮಾನಿಸಿತು.

ಗೊಂಬೆಗಳ ಪ್ರಯೋಗದ ಬಗ್ಗೆ ನೀವು ಬರೆದ ಪುಟವನ್ನು ಮಾತ್ರ ಮುಟ್ಟಬೇಡಿ. ಮನಶ್ಶಾಸ್ತ್ರಜ್ಞರಾದ ಕೆನೆತ್ ಮತ್ತು ಮೇಮೀ ಕ್ಲಾರ್ಕ್ ದಂಪತಿ ಕಪ್ಪು ಮಕ್ಕಳ ಮುಂದೆ ಕಂದು ಗೊಂಬೆ, ಬಿಳಿಯ ಗೊಂಬೆ ಇಟ್ಟು ಯಾವುದು ಚೆನ್ನ ಎಂದು ಕೇಳುವುದು, ಮಕ್ಕಳಲ್ಲಿ ಹೆಚ್ಚಿನವರು ಬಿಳಿಯದನ್ನು ತೋರಿಸುವುದು, ಕೊನೆಗೆ 'ಇವುಗಳಲ್ಲಿ ನಿನ್ನ ಹಾಗಿರುವುದು ಯಾವುದು?' ಎಂಬ ಪ್ರಶ್ನೆ ಬರುವುದು. ಅಲ್ಲಿ ನೀವು ಒಂದು ವಿಶೇಷಣವನ್ನೂ ಬಳಸಿಲ್ಲ. ಓದುವಾಗ ನನ್ನ ಗಂಟಲು ಕಟ್ಟಿತು. ಹಾಗೆ ಬರೆಯಬಲ್ಲವರು ನೀವು. ಉಳಿದ ಪುಟಗಳೂ ಹಾಗೆಯೇ ಬರಬೇಕು.

ನನ್ನ ಮುಖ್ಯ ಸಲಹೆ ಇದು. ಎಲ್ಲ ಊರುಗಳನ್ನೂ ಮುಟ್ಟಿ ಓಡುವ ಬದಲು ಒಂದು ಊರಿನಲ್ಲಿ ನಿಲ್ಲಿರಿ. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಫಾರ್ಮ್‌ವಿಲ್ ನಿಮ್ಮಲ್ಲಿ ಒಂದೂವರೆ ಸಾಲಿನಲ್ಲಿ ಬಂದುಹೋಗಿದೆ. ಲೇಖನ ಇರುವುದು ಅಲ್ಲಿ. ಕಪ್ಪು ಮಕ್ಕಳ ಮೋಟನ್ ಹೈಸ್ಕೂಲನ್ನು 180 ಮಕ್ಕಳಿಗೆಂದು ಕಟ್ಟಿದ್ದರು; ಓದುತ್ತಿದ್ದವರು 450ಕ್ಕೂ ಹೆಚ್ಚು. ಜಾಗ ಸಾಲದೆ ಅಂಗಳದಲ್ಲಿ ಟಾರು ಕಾಗದ ಹೊದಿಸಿದ ಶೆಡ್ಡುಗಳನ್ನು ಎಬ್ಬಿಸಿದ್ದರು. ಚಳಿಗಾಲದಲ್ಲಿ ಒಲೆಯ ಪಕ್ಕ ಕುಳಿತ ಮಗು ಬೇಯುತ್ತಿತ್ತು, ದೂರ ಕುಳಿತ ಮಗು ಕೋಟು ಬಿಚ್ಚುವಂತಿರಲಿಲ್ಲ. ಮಳೆ ಬಂದರೆ ಸೂರು ಸೋರುತ್ತಿತ್ತು. ಬಾರ್ಬರಾ ಜಾನ್ಸ್ ಎಂಬ ಹದಿನಾರರ ಹುಡುಗಿ 1951ರ ಏಪ್ರಿಲ್ 23ರಂದು, ಸುಳ್ಳು ಫೋನ್ ಕರೆಯೊಂದರಿಂದ ಮುಖ್ಯೋಪಾಧ್ಯಾಯರನ್ನು ಶಾಲೆಯಿಂದ ಹೊರಗೆ ಕಳುಹಿಸಿ, ಅವರ ಹೆಸರಿನಲ್ಲೇ ಚೀಟಿ ಬರೆದು ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿದಳು. ಪರದೆ ಸರಿದಾಗ ವೇದಿಕೆಯ ಮೇಲೆ ಅವಳು! ಶಿಕ್ಷಕರನ್ನು ಹೊರಗೆ ಹೋಗುವಂತೆ ಕೇಳಿಕೊಂಡು, ಮಕ್ಕಳನ್ನು ಮುಷ್ಕರಕ್ಕೆ ಕರೆದಳು. ಅವರು ಕೇಳಿದ್ದು ಒಂದು ಒಳ್ಳೆಯ ಕಟ್ಟಡ. ಸಹಾಯಕ್ಕೆ ಬಂದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ಪ್ರತ್ಯೇಕ ಶಾಲೆಯ ಪದ್ಧತಿಯನ್ನೇ ಪ್ರಶ್ನಿಸುವುದಾದರೆ ಮೊಕದ್ದಮೆ ಹೂಡುತ್ತೇವೆ ಎಂದರು. ಮಕ್ಕಳು ಒಪ್ಪಿದರು. ಬ್ರೌನ್ ಪ್ರಕರಣದ ಐದು ಮೊಕದ್ದಮೆಗಳಲ್ಲಿ ಇದೂ ಒಂದು. ಬಾರ್ಬರಾಳ ಜೀವಕ್ಕೆ ಅಪಾಯವೆಂದು ತಂದೆತಾಯಿ ಅವಳನ್ನು ಅಲಬಾಮಾದ ಮಾಂಟ್‌ಗಮರಿಯಲ್ಲಿದ್ದ ದೊಡ್ಡಪ್ಪನ ಮನೆಗೆ ಕಳುಹಿಸಿಬಿಟ್ಟರು.

ಈ ಮಕ್ಕಳು ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಗೆದ್ದ ಐದು ವರ್ಷಕ್ಕೆ, 1959ರಲ್ಲಿ, ಕೌಂಟಿಯ ಆಡಳಿತ ಸರ್ಕಾರಿ ಶಾಲೆಗಳಿಗೆ ಹಣ ಕೊಡುವುದನ್ನೇ ನಿಲ್ಲಿಸಿತು. ಶಾಲೆಗಳಿಗೆ ಸರಪಳಿ ಬಿದ್ದಿತು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ತೆರೆದುಕೊಂಡಿತು. ಅದರ ಶುಲ್ಕಕ್ಕೆ ಸರ್ಕಾರದ ಅನುದಾನವೂ ದೊರೆಯಿತು. ಕಪ್ಪು ಮಕ್ಕಳಲ್ಲಿ ಕೆಲವರು ದೂರದ ನೆಂಟರ ಮನೆ ಸೇರಿ ಓದಿದರು, ಕೆಲವರು ಅಪರಿಚಿತರ ಮನೆಗಳಲ್ಲಿದ್ದು ಓದಿದರು, ಇನ್ನು ಕೆಲವರು ಚರ್ಚಿನ ನೆಲಮಾಳಿಗೆಯಲ್ಲಿ ನಾಲ್ಕಕ್ಷರ ಕಲಿತರು. ಬಹಳಷ್ಟು ಮಕ್ಕಳು ಎಲ್ಲಿಯೂ ಓದಲಿಲ್ಲ. 1963ರಲ್ಲಿ ದೇಣಿಗೆಯಿಂದ ಉಚಿತ ಶಾಲೆಗಳು ತೆರೆದವು. 1964ರಲ್ಲಿ ಸುಪ್ರೀಂ ಕೋರ್ಟ್ ಕೌಂಟಿಯ ನಡೆ ಸಂವಿಧಾನಬಾಹಿರ ಎಂದಿತು. ಐದು ವರ್ಷ! ಆರನೆಯ ವಯಸ್ಸಿನಲ್ಲಿ ಒಂದನೆಯ ತರಗತಿಗೆ ಸೇರಬೇಕಿದ್ದ ಮಗು ಅಷ್ಟರಲ್ಲಿ ಹನ್ನೊಂದಕ್ಕೆ ಬಂದಿತ್ತು. ಹನ್ನೆರಡರಲ್ಲಿ ಶಾಲೆ ಬಿಟ್ಟ ಹುಡುಗ ಹದಿನೇಳಕ್ಕೆ ಬಂದು ಹೊಲದಲ್ಲೋ ಕಾರ್ಖಾನೆಯಲ್ಲೋ ಉಳಿದುಹೋಗಿದ್ದ. ಹೀಗೆ ಓದು ಕಳೆದುಕೊಂಡವರಿಗಾಗಿ ವರ್ಜೀನಿಯಾ ಸರ್ಕಾರ ವಿದ್ಯಾರ್ಥಿವೇತನ ಘೋಷಿಸಿದ್ದು 2004ರಲ್ಲಿ, ಅವರು ಅಜ್ಜ ಅಜ್ಜಿಯರಾದ ಮೇಲೆ. ನೀವು ದಿನವೂ ಹಾಜರಿ ಕರೆಯುವವರು. ಐದು ವರ್ಷ ಯಾರೂ ಕರೆಯದ ಒಂದು ಹಾಜರಿ ಪುಸ್ತಕವನ್ನು ಮನಸ್ಸಿನ ಮುಂದಿಟ್ಟುಕೊಂಡು ಬರೆಯಲು ಕುಳಿತುಕೊಳ್ಳಿ.

ಶಿಕ್ಷಕರ ವಿಚಾರವನ್ನು ನೀವು ಬಿಟ್ಟದ್ದು ನನಗೆ ಆಶ್ಚರ್ಯ ತಂದಿತು. ಶಾಲೆಗಳು ಒಂದಾದಾಗ ಹೆಚ್ಚಾಗಿ ಮುಚ್ಚಿದ್ದು ಕಪ್ಪು ಮಕ್ಕಳ ಶಾಲೆಗಳನ್ನೇ. ಅವುಗಳ ಜೊತೆ ಸಾವಿರಾರು ಕಪ್ಪು ಶಿಕ್ಷಕರ, ಮುಖ್ಯೋಪಾಧ್ಯಾಯರ ನೌಕರಿಯೂ ಹೋಯಿತು. ಅದಕ್ಕೂ ಮೊದಲು 1956ರಲ್ಲೇ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ಸದಸ್ಯರಿಗೆ ಸರ್ಕಾರಿ ಕೆಲಸವಿಲ್ಲ ಎಂದು ಸೌತ್ ಕೆರೊಲಿನಾ ಕಾನೂನು ಮಾಡಿತು. ನಲವತ್ತು ವರ್ಷ ಪಾಠ ಹೇಳಿದ್ದ ಸೆಪ್ಟಿಮಾ ಕ್ಲಾರ್ಕ್ ಸದಸ್ಯತ್ವ ಬಿಡಲೊಪ್ಪದೆ ಕೆಲಸವನ್ನೂ ನಿವೃತ್ತಿ ವೇತನವನ್ನೂ ಕಳೆದುಕೊಂಡರು. ಈ ಭಾಗವನ್ನು ನಿಮ್ಮಷ್ಟು ಅರಿತು ಬರೆಯಬಲ್ಲವರು ನಮ್ಮ ಲೇಖಕರಲ್ಲಿ ಹೆಚ್ಚಿಲ್ಲ.

ಚಿಕ್ಕ ಮಾತುಗಳು ಎರಡು. 'ನೀಗ್ರೋ' ಎಂಬ ಪದ ಆ ಕಾಲದ ದಾಖಲೆಯ ಮಾತನ್ನು ಉಲ್ಲೇಖಿಸುವಾಗ ಮಾತ್ರ ಬರಲಿ. ನಿಮ್ಮ ಸ್ವಂತ ವಾಕ್ಯದಲ್ಲಿ ಬೇಡ. ಕೊನೆಯ ಪುಟದಲ್ಲಿ ನಿಮ್ಮ ಊರಿನ ಶಾಲೆಯ ಬಗ್ಗೆ ನಾಲ್ಕು ಸಾಲು ಸೇರಿಸಿದ್ದೀರಿ. ಅದನ್ನು ಇಲ್ಲಿಂದ ಎತ್ತಿಡಿ. ಕಣ್ಣಾರೆ ಕಂಡದ್ದು ನಾಲ್ಕು ಸಾಲಿನಲ್ಲಿ ಬಾಲದಂತೆ ಅಂಟಿಕೊಂಡಿರಬಾರದು. ಅದನ್ನು ಬೇರೆಯೇ ಲೇಖನವಾಗಿ ಬರೆದು ಕಳುಹಿಸಿ, ಅದಕ್ಕೂ ಕಾಯುತ್ತೇನೆ.

ನಿಮ್ಮ ಹಸ್ತಪ್ರತಿಯನ್ನು ಅಂಚಿನ ಟಿಪ್ಪಣಿಗಳೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಕೆಂಪು ಗೆರೆ ಹೆಚ್ಚಾಗಿರುವುದು ಮೊದಲ ಮೂರು ಪುಟಗಳಲ್ಲಿ. ಅವನ್ನು ಪೂರ್ತಿ ಬಿಟ್ಟು ಮೋಟನ್ ಹೈಸ್ಕೂಲಿನ ಆ ಒಲೆಯ ಬಳಿಯಿಂದ ಆರಂಭಿಸಿ ನೋಡಿ. ಬರುವ ತಿಂಗಳ 20ರೊಳಗೆ ಕೈಸೇರಿದರೆ ಅದರ ಮುಂದಿನ ಸಂಚಿಕೆಯಲ್ಲಿ ಎಂಟು ಪುಟ ನಿಮಗಾಗಿ ತೆಗೆದಿಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ