ಲಂಡನ್ನಿನ ಸ್ಪೇಸ್ ಟ್ರಸ್ಟಿಗೆ ಅಡಿಕೆ ದುಡ್ಡು ಹಾಕ್ಬಹುದಾ?

ಹಣಕಾಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ರ, ಅಡಿಕೆ ತೋಟ, ಸ್ವಲ್ಪ ರಬ್ಬರೂ ಉಂಟು. ಈ ವರ್ಷ ಅಡಿಕೆ ಕೊಟ್ಟದ್ರಲ್ಲಿ 5 ಲಕ್ಷ ಕೈಲಿ ಉಳಿದಿದೆ. ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಲಂಡನ್ ಶೇರ್ ಮಾರ್ಕೆಟಲ್ಲಿ ಸೆರಾಫಿಮ್ ಸ್ಪೇಸ್ ಅಂತ ಒಂದು ಟ್ರಸ್ಟ್ ಉಂಟು, ಅದ್ರ ಶೇರ್ ತಗೊಂಡ್ರೆ ಸ್ಯಾಟಲೈಟ್ ಕಂಪೆನಿಗಳಲ್ಲಿ ನಮ್ಗೂ ಪಾಲು ಸಿಗ್ತದೆ ಅಂತ ಹೇಳ್ತಾನೆ. ಇದು ಮ್ಯೂಚುವಲ್ ಫಂಡೇ ಅಲ್ವಾ? ಹಾಕ್ಬಹುದಾ?

ಉತ್ತರ: ಮ್ಯೂಚುವಲ್ ಫಂಡ್ ಅಲ್ಲ ಅಣ್ಣಾ, ಆ ವ್ಯತ್ಯಾಸ ಮೊದ್ಲು ಗೊತ್ತಿರ್ಬೇಕು. ಮ್ಯೂಚುವಲ್ ಫಂಡಲ್ಲಿ ನೀವು ದುಡ್ಡು ವಾಪಸ್ ಕೇಳಿದ್ರೆ ಫಂಡಿನವ್ರೇ ಆ ದಿನದ ಎನ್‌ಎವಿ (ಫಂಡಿನ ಒಟ್ಟು ಆಸ್ತಿಯ ಬೆಲೆಯಲ್ಲಿ ಒಂದು ಪಾಲಿಗೆ ಬರುವ ಮೊತ್ತ) ಲೆಕ್ಕದಲ್ಲಿ ಕೊಡ್ಬೇಕು, ಕ್ಯಾಶ್ ಸಾಲದಿದ್ರೆ ಇರೋ ಶೇರು ಮಾರಿಯಾದ್ರೂ ಕೊಡ್ಬೇಕು. ಆದ್ರೆ ಸ್ಪೇಸ್ ಕಂಪೆನಿಗಳಲ್ಲಿ ಹೆಚ್ಚಿನವು ಇನ್ನೂ ಮಾರ್ಕೆಟಿಗೆ ಬಾರದವು, ನಾಳೆ ಬೆಳಿಗ್ಗೆ ಮಾರ್ತೇನೆ ಅಂದ್ರೆ ತಗೊಳ್ಳುವವ್ರು ಸಿಗೋದಿಲ್ಲ. ಇಂಗ್ಲೆಂಡಲ್ಲಿ ವುಡ್‌ಫರ್ಡ್ ಈಕ್ವಿಟಿ ಇನ್‌ಕಮ್ ಅಂತ ಒಂದು ದೊಡ್ಡ ಫಂಡ್ ಇತ್ತು, ಸುಲಭಕ್ಕೆ ಮಾರ್ಲಿಕ್ಕಾಗದ ಶೇರು ತುಂಬಾ ತಗೊಂಡಿತ್ತು, ಜನ ಒಟ್ಟಿಗೇ ದುಡ್ಡು ಕೇಳ್ಲಿಕ್ಕೆ ಶುರು ಮಾಡಿದ್ರು, 2019ರ ಜೂನಲ್ಲಿ ಕೊಡ್ಲಿಕ್ಕಾಗದೆ ವಿತ್‌ಡ್ರಾವಲ್ ನಿಲ್ಲಿಸಿತು. ಒಳಗೆ ಸಿಕ್ಕಿಬಿದ್ದದ್ದು ಸುಮಾರು 370 ಕೋಟಿ ಪೌಂಡ್.

ಇನ್ವೆಸ್ಟ್‌ಮೆಂಟ್ ಟ್ರಸ್ಟಲ್ಲಿ ಆ ಗೋಳು ಇಲ್ಲ. ಅದು ಹೆಸರಿಗೆ ಟ್ರಸ್ಟ್, ನಿಜಕ್ಕೂ ಒಂದು ಲಿಸ್ಟೆಡ್ ಕಂಪೆನಿ, ಅಂದ್ರೆ ಶೇರ್ ಮಾರ್ಕೆಟಲ್ಲಿ ಅದ್ರ ಶೇರು ಸಿಗ್ತದೆ. ಐಪಿಒ ಮಾಡಿ, ಅಂದ್ರೆ ಮೊದಲ್ನೇ ಸಲ ಜನರಿಗೆ ಶೇರು ಮಾರಿ, ದುಡ್ಡು ಒಟ್ಟು ಮಾಡ್ತದೆ, ಆ ದುಡ್ಡಲ್ಲಿ ಬೇರೆ ಕಂಪೆನಿಗಳ ಪಾಲು ತಗೊಳ್ತದೆ. ನಿಮ್ಗೆ ಹೊರಗೆ ಬರ್ಬೇಕು ಅಂದ್ರೆ ನಿಮ್ಮ ಶೇರನ್ನ ಮಾರ್ಕೆಟಲ್ಲಿ ಇನ್ನೊಬ್ರಿಗೆ ಮಾರಿ ಬರೋದು, ಟ್ರಸ್ಟ್ ಒಳಗಿಂದ ಒಂದು ಪೈಸೆಯೂ ತೆಗೀಬೇಕಂತ ಇಲ್ಲ, ಹಾಗಾಗಿ ಹತ್ತು ವರ್ಷ ಕಾಯ್ಬೇಕಾದ ಕಂಪೆನಿಯನ್ನೂ ಅದು ಇಟ್ಕೊಂಡು ಕೂರಬಹುದು. ಇದು ಹೊಸ ಪದ್ಧತಿ ಏನಲ್ಲ, ಮೊದಲ್ನೇ ಟ್ರಸ್ಟ್ ಲಂಡನ್ನಲ್ಲಿ 1868ರಲ್ಲೇ ಶುರುವಾದದ್ದು. ನಿಮ್ಗೆ ರಬ್ಬರ್ ಉಂಟು ಅಂತ ಬರೆದದ್ದಕ್ಕೆ ಹೇಳ್ತೇನೆ, ಸ್ಕಾಟಿಷ್ ಮಾರ್ಟ್‌ಗೇಜ್ ಅಂತ ಇನ್ನೊಂದು ಟ್ರಸ್ಟ್ 1909ರಲ್ಲಿ ಹುಟ್ಟಿದ್ದೇ ಮಲಯಾದ ರಬ್ಬರ್ ಬೆಳೆಗಾರರಿಗೆ ಸಾಲ ಕೊಡ್ಲಿಕ್ಕೆ, ಅದೇ ಟ್ರಸ್ಟ್ 2018ರಲ್ಲಿ ಅಮೆರಿಕದ ರಾಕೆಟ್ ಕಂಪೆನಿ ಸ್ಪೇಸ್‌ಎಕ್ಸಿಗೆ ದುಡ್ಡು ಹಾಕಿತು.

ನಿಮ್ಮ ಮಗ ಹೇಳಿದ ಸೆರಾಫಿಮ್ 2021ರ ಜುಲೈಯಲ್ಲಿ ಶೇರಿಗೆ 100 ಪೆನ್ಸಿನ ಹಾಗೆ ಲಿಸ್ಟ್ ಆದದ್ದು. ಅದ್ರ ದೊಡ್ಡ ಪಾಲುಗಳಲ್ಲಿ ಒಂದು ಫಿನ್‌ಲೆಂಡಿನ ಐಸ್‌ಐ, ರೇಡಾರ್ ಸ್ಯಾಟಲೈಟ್ ಮಾಡುವ ಕಂಪೆನಿ. ರೇಡಾರ್ ಅಂದ್ರೆ ರಾತ್ರಿಯಲ್ಲೂ ಮೋಡದ ಅಡಿಯಲ್ಲೂ ನೆಲ ಕಾಣ್ತದೆ, ನಮ್ಮ ಜುಲೈ ತಿಂಗಳ ಮಳೆಗೆ ಹೊಳೆ ಎಲ್ಲಿವರೆಗೆ ಏರಿದೆ ಅಂತ ಸಾಮಾನ್ಯ ಕ್ಯಾಮೆರಾ ಸ್ಯಾಟಲೈಟಿಗೆ ಗೊತ್ತೇ ಆಗೋದಿಲ್ಲ, ಇದಕ್ಕೆ ಆಗ್ತದೆ. ಅವ್ರ ಮೊದಲ್ನೇ ಸ್ಯಾಟಲೈಟ್ ಮೇಲೆ ಹೋದದ್ದು ನಮ್ಮದೇ ಶ್ರೀಹರಿಕೋಟದಿಂದ, 2018ರ ಜನವರಿ 12ಕ್ಕೆ, ಇಸ್ರೋದ ಪಿಎಸ್‌ಎಲ್‌ವಿ ಸಿ40ಯಲ್ಲಿ. ಹಾಗಾಗಿ ಇದು ಗಾಳಿಗೋಪುರ ಅಲ್ಲ, ಒಳಗಿರೋ ಕಂಪೆನಿಗಳು ನಿಜಕ್ಕೂ ಕೆಲಸ ಮಾಡ್ತಾ ಇದ್ದಾವೆ.

ಈಗ ಕಷ್ಟದ ಭಾಗ. ಲಿಸ್ಟ್ ಆಗದ ಕಂಪೆನಿಗೆ ಬೆಲೆ ಕಟ್ಟೋದು ಹೇಗೆ? ಹೆಚ್ಚಾಗಿ ಕೊನೆಯ ಸಲ ಅದಕ್ಕೆ ಯಾರಾದ್ರೂ ದುಡ್ಡು ಹಾಕಿದಾಗ ಯಾವ ರೇಟಿಗೆ ಹಾಕಿದ್ರು ಅಂತ ನೋಡಿ ಲೆಕ್ಕ ಮಾಡ್ತಾರೆ, ಆ ಲೆಕ್ಕದಿಂದ ಎನ್‌ಎವಿ ಬರ್ತದೆ. ಆದ್ರೆ ಶೇರು ಮಾರ್ಕೆಟಲ್ಲಿ ಆ ಎನ್‌ಎವಿಗೇ ಮಾರಾಟ ಆಗ್ಬೇಕಂತ ಎಲ್ಲೂ ಇಲ್ಲ. ನಿಮ್ಮ ತೋಟಕ್ಕೆ ಎಕ್ರೆಗೆ ಇಷ್ಟು ಅಂತ ಊರವ್ರು ಹೇಳುವ ರೇಟ್ ಬೇರೆ, ಮಗಳ ಮದುವೆಗೆ ಅಂತ ನಾಳೆಯೇ ಮಾರ್ಲಿಕ್ಕೆ ಹೊರಟ್ರೆ ಸಿಗುವ ರೇಟ್ ಬೇರೆ ಅಲ್ವಾ, ಹಾಗೆಯೇ. 2022ರಿಂದ ಬಡ್ಡಿ ಏರಿತು, ಸ್ಟಾರ್ಟಪ್‌ಗಳಿಗೆ ದುಡ್ಡು ಹಾಕುವವ್ರು ಕಮ್ಮಿ ಆದ್ರು, 100 ಪೆನ್ಸಿನ ಈ ಶೇರು 2023ರ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಿತ್ತು. ಟ್ರಸ್ಟ್ ಹೇಳ್ತಿದ್ದ ಎನ್‌ಎವಿ ಮಾತ್ರ ಅಷ್ಟು ಇಳಿದಿರ್ಲಿಲ್ಲ. ಆವಾಗ ಮಗನ ಫೀಸಿಗೋ ಆಸ್ಪತ್ರೆಗೋ ಅಂತ ಮಾರಿದವ್ರಿಗೆ ಎನ್‌ಎವಿ ಎಷ್ಟಿದ್ರೆ ಎಂತ ಪ್ರಯೋಜನ, ಕೈಗೆ ಬಂದದ್ದು ಅರ್ಧ. ಆಮೇಲೆ 2025ರಲ್ಲಿ ಬೆಲೆ ಚೆನ್ನಾಗಿಯೇ ಮೇಲೆ ಬಂತು, ಅದ್ರ ಲಾಭ ಸಿಕ್ಕಿದ್ದು ಕಾಯ್ಲಿಕ್ಕೆ ಆದವ್ರಿಗೆ ಮಾತ್ರ.

ಅದಕ್ಕೇ ನಾನು ಹೇಳೋದು, ಅಡಿಕೆ ದುಡ್ಡು ಇದಕ್ಕೆ ಬೇಡ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಎರಡು ಸಲವೋ ಮೂರು ಸಲವೋ ಮದ್ದು ಬಿಡ್ಬೇಕು, ಮೈಲುತುತ್ತು, ಸುಣ್ಣ, ಮರ ಹತ್ತುವವ್ರ ಸಂಬಳ ಎಲ್ಲ ಆ ಹೊತ್ತಿಗೆ ರೆಡಿ ಇರ್ಬೇಕು, ಒಂದು ವರ್ಷ ಫಸಲು ಕೈಕೊಟ್ರೆ ಇದೇ 5 ಲಕ್ಷದಲ್ಲಿ ಮನೆ ನಡೀಬೇಕು. ಮಗನಿಗೆ ಆಸಕ್ತಿ ಇದ್ರೆ ಅವನ ಸಂಬಳದಿಂದ, ಅವನ ಹೆಸರಲ್ಲಿ, ಏಳೆಂಟು ವರ್ಷ ಮುಟ್ಟದ ದುಡ್ಡು ಸ್ವಲ್ಪ ಹಾಕ್ಲಿ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ ಉಂಟು. ಹಾಕುವ ಮೊದ್ಲು ಟ್ರಸ್ಟಿನ ರಿಪೋರ್ಟಲ್ಲಿ ಮೂರು ವಿಷಯ ನೋಡ್ಲಿ: ದೊಡ್ಡ ಐದು ಕಂಪೆನಿ ಯಾವುವು, ಅವುಗಳಿಗೆ ಕೊನೆಗೆ ಫಂಡಿಂಗ್ ಬಂದದ್ದು ಯಾವಾಗ, ಎನ್‌ಎವಿಗಿಂತ ಶೇರು ಎಷ್ಟು ಕಮ್ಮಿಗೋ ಜಾಸ್ತಿಗೋ ಓಡ್ತಾ ಉಂಟು.

ವಿದೇಶಕ್ಕೆ ದುಡ್ಡು ಕಳಿಸುವ ದಾರಿ ಆರ್‌ಬಿಐಯ ಎಲ್‌ಆರ್‌ಎಸ್ ಅನ್ನುವ ಸ್ಕೀಮ್, ಒಬ್ರಿಗೆ ವರ್ಷಕ್ಕೆ 2,50,000 ಡಾಲರ್ ಮಿತಿ. 10 ಲಕ್ಷ ದಾಟಿದ್ರೆ ದಾಟಿದ ಮೊತ್ತಕ್ಕೆ ಬ್ಯಾಂಕ್ 20% ಟಿಸಿಎಸ್ (ಮುಂಗಡವಾಗಿ ಹಿಡಿಯುವ ಟ್ಯಾಕ್ಸ್) ಹಿಡೀತದೆ, ರಿಟರ್ನ್ ಫೈಲ್ ಮಾಡುವಾಗ ಅದು ಅಡ್ಜಸ್ಟ್ ಆಗ್ತದೆ. ನಮ್ಮಲ್ಲಿ ಜನ ಬಳಸುವ ಆ್ಯಪ್‌ಗಳಲ್ಲಿ ಹೆಚ್ಚಿನವು ಅಮೆರಿಕದ ಶೇರು ಮಾತ್ರ ಕೊಡೋದು, ಲಂಡನ್ ಮಾರ್ಕೆಟ್ ಇರುವ ಬ್ರೋಕರ್ ಬೇಕು. ಅಲ್ಲಿ ತಗೊಳ್ಳುವಾಗ 0.5% ಸ್ಟ್ಯಾಂಪ್ ಡ್ಯೂಟಿ, ಮೇಲಿಂದ ಬ್ಯಾಂಕಿನ ಫಾರೆಕ್ಸ್ ಖರ್ಚು. ಇನ್ನೊಂದು ವಿಷಯ ನಮ್ಮ ತೋಟದವ್ರು ಗಮನ ಇಟ್ಟು ಓದ್ಬೇಕು: ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ತುಂಬಾ ಜನ ರಿಟರ್ನ್ ಹಾಕೋದೇ ಇಲ್ಲ, ಆದ್ರೆ ವಿದೇಶದ ಒಂದು ಶೇರು ನಿಮ್ಮ ಹೆಸರಲ್ಲಿದ್ರೂ ಆದಾಯ ಎಷ್ಟೇ ಇರ್ಲಿ ರಿಟರ್ನ್ ಹಾಕ್ಲೇಬೇಕು, ಅದ್ರಲ್ಲಿ ವಿದೇಶದ ಆಸ್ತಿಯ ವಿವರ ಕೊಡುವ ಶೆಡ್ಯೂಲ್ ಎಫ್‌ಎ ತುಂಬಿಸ್ಲೇಬೇಕು. 2 ವರ್ಷ ಕಳೆದು ಮಾರಿದ್ರೆ ಲಾಭಕ್ಕೆ 12.5% ಟ್ಯಾಕ್ಸ್, ಸೆಸ್ ಬೇರೆ.

ಪ್ರಶ್ನೆ: ನಾನು ಉಪ್ಪಳದವ, ಶಾರ್ಜಾದಲ್ಲಿ ಕೆಲಸ. ನನಗೂ ಇದೇ ರೂಲ್ಸಾ?

ಉತ್ತರ: ಅಲ್ಲ. ನೀವು ಎನ್‌ಆರ್‌ಐ, ಅಲ್ಲಿಯ ಸಂಬಳದಲ್ಲಿ ಅಲ್ಲಿಂದಲೇ ತಗೊಂಡ್ರೆ ಎಲ್‌ಆರ್‌ಎಸ್ ಮಿತಿಯೂ ಟಿಸಿಎಸ್ಸೂ ನಿಮ್ಗೆ ಬರೋದಿಲ್ಲ. ಊರಿಗೆ ವಾಪಸ್ ಬಂದ ಮೇಲೂ ಆ ಶೇರು ಇಟ್ಕೊಳ್ಲಿಕ್ಕೆ ವಿದೇಶಿ ದುಡ್ಡಿನ ವ್ಯವಹಾರದ ಫೆಮಾ ಕಾನೂನಲ್ಲಿ ಅವಕಾಶ ಉಂಟು. ಆದ್ರೆ ಬಂದು ಇಲ್ಲಿಯ ಪೂರ್ಣ ರೆಸಿಡೆಂಟ್ ಆದ ವರ್ಷದಿಂದ ಮೇಲೆ ಹೇಳಿದ ಶೆಡ್ಯೂಲ್ ಎಫ್‌ಎ ಶುರು, ಅದಕ್ಕೆ ಕೊಂಡ ದಿನದ ಕಾಂಟ್ರಾಕ್ಟ್ ನೋಟೆಲ್ಲ ಈಗಿಂದ್ಲೇ ಜೋಪಾನ ಮಾಡಿ. ನಾಮಿನಿ ವಿಷಯವೂ ಬ್ರೋಕರಿನ ಹತ್ರ ಕೇಳಿ, ಮನೆಯವ್ರಿಗೆ ಅಕೌಂಟ್ ಇರೋದು ಗೊತ್ತಿರ್ಲಿ.

ಪ್ರಶ್ನೆ: ಪೆರ್ಲದಿಂದ, ಬಿಕಾಂ ವಿದ್ಯಾರ್ಥಿ. ಲಂಡನ್ ಯಾಕೆ ಸರ್, ನಮ್ಮದೇ ದೇಶದ ಸ್ಪೇಸ್ ಕಂಪೆನಿಗಳ ಶೇರ್ ತಗೊಳ್ಬಹುದಲ್ವಾ?

ಉತ್ತರ: ಒಳ್ಳೆ ಪ್ರಶ್ನೆ ತಮ್ಮಾ. ಹೆಸರು ಕೇಳಿದ ಕಂಪೆನಿಗಳು, ಅಂದ್ರೆ 2022ರ ನವೆಂಬರಲ್ಲಿ ವಿಕ್ರಮ್-ಎಸ್ ರಾಕೆಟ್ ಹಾರಿಸಿದ ಹೈದರಾಬಾದಿನ ಸ್ಕೈರೂಟ್, 2024ರ ಮೇ 30ಕ್ಕೆ ಶ್ರೀಹರಿಕೋಟದಲ್ಲಿ ಸ್ವಂತ ಲಾಂಚ್‌ಪ್ಯಾಡಿಂದ ರಾಕೆಟ್ ಬಿಟ್ಟ ಚೆನ್ನೈಯ ಅಗ್ನಿಕುಲ್, ಸ್ಯಾಟಲೈಟ್ ಮಾಡುವ ಬೆಂಗಳೂರಿನ ಪಿಕ್ಸೆಲ್, ಇವೆಲ್ಲ ಶೇರ್ ಮಾರ್ಕೆಟಿಗೆ ಬಂದು ಅಲ್ಲ, ದೊಡ್ಡ ಇನ್ವೆಸ್ಟರ್‌ಗಳ ದುಡ್ಡಲ್ಲಿ ಬೆಳೆದವು. ಲಿಸ್ಟೆಡ್ ಅಂತ ನೋಡಿದ್ರೆ ಎಚ್‌ಎಎಲ್ ಉಂಟು, 2025ರ ಜೂನಲ್ಲಿ ಇಸ್ರೋದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ಟೆಕ್ನಾಲಜಿಗೆ 511 ಕೋಟಿ ಬಿಡ್ ಮಾಡಿ ಗೆದ್ದದ್ದು ಅದೇ. ರಾಕೆಟ್ ಇಂಜಿನಿನ ಭಾಗ ಮಾಡುವ ಎಂಟಿಎಆರ್ ಉಂಟು. ಆದ್ರೆ ಎಚ್‌ಎಎಲ್‌ಗೆ ಮುಖ್ಯ ವ್ಯಾಪಾರ ಯುದ್ಧವಿಮಾನ, ಹೆಲಿಕಾಪ್ಟರ್, ಸ್ಪೇಸ್ ಸಣ್ಣ ಭಾಗ, ಅದನ್ನು ತಿಳ್ಕೊಂಡೇ ತಗೊಳ್ಬೇಕು. ನೀನು ಓದ್ತಾ ಇರುವವ, ಈಗ ದುಡ್ಡಿಗಿಂತ ಇವುಗಳ ವಾರ್ಷಿಕ ವರದಿ ಓದ್ಲಿಕ್ಕೆ ಟೈಮ್ ಹಾಕು, ಆರ್ಡರ್ ಬುಕ್ಕಲ್ಲಿ ಸ್ಪೇಸಿನ ಪಾಲು ಎಷ್ಟು ಅಂತ ಹುಡುಕು.

ಪ್ರಶ್ನೆ: ಕುಂಬಳೆಯಿಂದ, ರಿಟೈರ್ಡ್ ಟೀಚರ್. ವಾಟ್ಸಾಪ್ ಗ್ರೂಪಲ್ಲಿ ಅಮೆರಿಕದ ರಾಕೆಟ್ ಕಂಪೆನಿ ಶೇರ್ ಅಲಾಟ್‌ಮೆಂಟ್ ಅಂತ ಹೇಳಿ 40 ಸಾವಿರ ಹಾಕ್ಸಿಕೊಂಡ್ರು. ಆ್ಯಪಲ್ಲಿ ಈಗ 1 ಲಕ್ಷ ಕಾಣ್ತದೆ, ತೆಗೀಲಿಕ್ಕೆ ಹೋದ್ರೆ ಮೊದ್ಲು ಟ್ಯಾಕ್ಸ್ 18 ಸಾವಿರ ಕಟ್ಟಿ ಅಂತಾರೆ.

ಉತ್ತರ: ಟೀಚರೇ, ಒಂದು ರೂಪಾಯಿಯೂ ಇನ್ನು ಕಟ್ಬೇಡಿ. ಪತ್ರಿಕೆ ಬರುವ ತನಕ ಕಾಯೋದು ಬೇಡ ಅಂತ ನಿಮ್ಗೆ ಮೊದ್ಲೇ ತಿಳಿಸಿದ್ದೇವೆ, ಬೇರೆಯವ್ರಿಗೂ ಗೊತ್ತಾಗ್ಲಿ ಅಂತ ಇಲ್ಲಿ ಹಾಕ್ತಾ ಇದ್ದೇವೆ. ಆ 1 ಲಕ್ಷ ಸ್ಕ್ರೀನಲ್ಲಿ ಬರೆದ ನಂಬರ್ ಅಷ್ಟೇ. ಯಾವ ಬ್ರೋಕರೂ ನಿಮ್ಮ ದುಡ್ಡು ನಿಮ್ಗೆ ಕೊಡ್ಲಿಕ್ಕೆ ಟ್ಯಾಕ್ಸನ್ನು ಮುಂಚಿತ ಕೇಳೋದಿಲ್ಲ, ಯಾರದ್ದೋ ಸೇವಿಂಗ್ಸ್ ಅಕೌಂಟಿಗೆ ದುಡ್ಡು ಹಾಕ್ಲಿಕ್ಕೂ ಹೇಳೋದಿಲ್ಲ. ಮೋಸ ಹೋದದ್ದಕ್ಕೆ ನಾಚಿಕೆ ಪಡ್ಬೇಡಿ, ಮಕ್ಕಳ ಹತ್ರ ಮುಚ್ಚಿಡಲೂಬೇಡಿ, ಇವ್ರ ಆಟವೇ ಹಾಗೆ. ಈ ಥರ ಆದವ್ರು ಕೂಡ್ಲೇ ಸೈಬರ್ ಮೋಸದ ದೂರಿಗೆ ಇರುವ 1930 ನಂಬರಿಗೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ, ಬೇಗ ತಿಳಿಸಿದ್ರೆ ಆ ಕಡೆಯ ಅಕೌಂಟಲ್ಲಿ ಉಳಿದ ದುಡ್ಡನ್ನು ತಡೆ ಹಿಡೀಲಿಕ್ಕೆ ಸಾಧ್ಯ ಉಂಟು. ಚಾಟ್ ಡಿಲೀಟ್ ಮಾಡ್ಬೇಡಿ, ಸ್ಕ್ರೀನ್‌ಶಾಟ್, ಟ್ರಾನ್ಸಾಕ್ಷನ್ ನಂಬರ್, ಪಾಸ್‌ಬುಕ್ ಎಂಟ್ರಿ ಎಲ್ಲ ತಗೊಂಡು ಪೊಲೀಸ್ ಸ್ಟೇಷನ್ನಿಗೂ ಹೋಗಿ.