ಟೈಪ್-ಸಿ ಕೇಬಲ್ ಹಾಕಿದರೂ ಎಸ್‌ಎಸ್‌ಡಿ ಯಾಕಿಷ್ಟು ನಿಧಾನ?

ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಎಸ್‌ಎಸ್‌ಡಿ (ಫೈಲ್ ಇಡುವ ವೇಗದ ಡ್ರೈವ್) ತಗೊಂಡೆ, ಫೋನ್ ಚಾರ್ಜರಿನ ಕೇಬಲ್‌ನಲ್ಲಿ ಜೋಡಿಸಿದರೆ ಸೆಕೆಂಡಿಗೆ 40 ಎಂಬಿ ದಾಟುತ್ತಿಲ್ಲ ಅಂದಿದ್ದೀರಿ. ಬಹುತೇಕ ಕೇಬಲ್‌ದೇ ತಪ್ಪು. ಟೈಪ್-ಸಿ ಅಂದರೆ ಬರೀ ಕನೆಕ್ಟರಿನ ಆಕಾರ, ವೇಗವಲ್ಲ. ಚಾರ್ಜಿಂಗ್ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಯುಎಸ್‌ಬಿ 2.0ದ ಒಂದೇ ಜೋಡಿ ಡೇಟಾ ತಂತಿ ಇರುತ್ತದೆ: ಸೆಕೆಂಡಿಗೆ 480 ಮೆಗಾಬಿಟ್, ಮುಗೀತು. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ನಿಜಕ್ಕೆ ಸಿಗೋದು ನಿಮ್ಮ ಆ 40 ಎಂಬಿಯ ಆಸುಪಾಸೇ. ಆ ಲೆಕ್ಕದಲ್ಲಿ 100 ಜಿಬಿ ಕಾಪಿಗೆ 40 ನಿಮಿಷ ಬೇಕು. ಎಸ್‌ಎಸ್‌ಡಿ, ಪೋರ್ಟ್, ಕೇಬಲ್ ಮೂರೂ 10 ಗಿಗಾಬಿಟ್‌ನವಾದರೆ ಎರಡು ನಿಮಿಷದ ಆಸುಪಾಸು. ಮೂರರಲ್ಲಿ ಯಾವುದು ನಿಧಾನವೋ ಅದರದ್ದೇ ವೇಗ.

ಅಂಗಡಿಯವರು 20 ಗಿಗಾಬಿಟ್ ಎಸ್‌ಎಸ್‌ಡಿ ತೋರಿಸಿದರೆ ಸ್ವಲ್ಪ ತಡೆಯಿರಿ. ಅದು ಜೆನ್ 2x2 (10 ಗಿಗಾಬಿಟ್‌ನ ಎರಡು ದಾರಿ ಸೇರಿಸಿ 20 ಮಾಡುವ ಯುಎಸ್‌ಬಿ ಬಗೆ) ಆಗಿದ್ದರೆ ಪೋರ್ಟೂ ಅದನ್ನು ಒಪ್ಪಬೇಕು. ಥಂಡರ್‌ಬೋಲ್ಟ್ 4 (ಟೈಪ್-ಸಿ ಆಕಾರದ್ದೇ, ಇನ್ನೂ ವೇಗದ ಬಗೆ) ಪೋರ್ಟಿಗೆ ಚುಚ್ಚಿದರೂ ಸಾಮಾನ್ಯವಾಗಿ 10ಕ್ಕೇ ಇಳಿಯುತ್ತದೆ. ಕೊಟ್ಟ ಹೆಚ್ಚಿನ ದುಡ್ಡು ನೀರುಪಾಲು.

ಥಂಡರ್‌ಬೋಲ್ಟ್ 4 ಅಂದರೆ 40 ಗಿಗಾಬಿಟ್, ಒಂದೇ ತಂತಿಯಲ್ಲಿ ಎರಡು 4ಕೆ ಮಾನಿಟರ್. ಡಾಕ್ (ಒಂದೇ ಪೋರ್ಟಿಗೆ ಹಲವು ಸಾಧನ ಜೋಡಿಸುವ ಪೆಟ್ಟಿಗೆ) ಬೇಕಿದ್ದವರಿಗೆ ಸರಿ, ಬರೀ ಬ್ಯಾಕಪ್‌ಗೆ ದಂಡ.

ಕೊಳ್ಳುವಾಗ ಕೇಬಲ್ ತುದಿಯಲ್ಲಿ 10, 20 ಅಥವಾ 40 ಅಂತ ಅಚ್ಚಾಗಿದೆಯಾ ನೋಡಿ. ‘60 ವ್ಯಾಟ್’ ಅಂತಷ್ಟೇ ಇದ್ದರೆ ಅದು ಚಾರ್ಜಿಂಗಿನ ಮಾತು. ಒಂದು ಮೀಟರಿಗಿಂತ ಉದ್ದದ್ದು ಬೇಡ.